ಫ್ರಾನ್ಸಿನಲ್ಲಿ ಕೋಳಿಯಿಲ್ಲದ ಊರು

ಕೊಂಡ್ಲಹಳ್ಳಿ ಹತ್ತಿರದ ಹಟ್ಟಿಯ ದೊಡ್ಡಪಾಲಯ್ಯ ಅರವತ್ತು ದಾಟಿದ ಮನುಷ್ಯ. ಚಳ್ಳಕೆರೆಗೆ ಅಲ್ಲಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಬಂದುಬಿಡಬಹುದು. ಆದರೂ ಅವನು ಚಳ್ಳಕೆರೆಯಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಹೆಂಡತಿ ನಿಂಗಕ್ಕನಿಗೆ ಹೊಟ್ಟೆಯ ಆಪರೇಷನ್ ಆದಾಗ ಹಗಲೆಲ್ಲ ಆಸ್ಪತ್ರೆಯಲ್ಲಿ ಅವಳ ಕಾಲ ಬಳಿ ಕೂತಿದ್ದು, ಕತ್ತಲಾಗುತ್ತಲೇ ಕಂಬಳಿ ಹೆಗಲಿಗೇರಿಸಿ ಬೈಪಾಸ್ ದಾಟಿ ಯಾರದೋ ಶೇಂಗಾ ಹೊಲದಲ್ಲಿ ಮಲಗಿ ಬರುತ್ತಿದ್ದ. ನಿಂಗಕ್ಕ ಆ ಕಥೆಯನ್ನು ಇವತ್ತಿಗೂ ಬಿಟ್ಟಿಲ್ಲ. "ನನ್ನ ಹೊಟ್ಟೆ ಊರಾಗೆ ಕೊಯ್ದ್ರೆ ನನ್ನ ಗಂಡ ಊರಾಚೆ ಗೊರಕೆ ಹೊಡೀತಿದ್ದ" ಅಂತ ಬಂದ ನೆಂಟರಿಗೆಲ್ಲ ಹೇಳುತ್ತಾಳೆ.

ಇದಕ್ಕೆಲ್ಲ ಕಾರಣ ಕೋಳಿ.

ದೊಡ್ಡಪಾಲಯ್ಯನ ಹಟ್ಟಿಯವರು ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹಟ್ಟಿಯೊಳಗೆ ಅದರ ಪುಕ್ಕ ಬಿದ್ದರೂ ಗಂಜಲ ಚಿಮುಕಿಸುತ್ತಾರೆ. ಹಟ್ಟಿಗೊಂದು ದೇವರು, ಆ ದೇವರಿಗೊಂದು ಎತ್ತಿನ ಹಿಂಡು. ಆ ಎತ್ತುಗಳ ಹೆಗಲ ಮೇಲೆ ನೊಗ ಇಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಸಾಯುವತನಕ ಹುಲ್ಲು ಬೆಳೆದ ಕಾವಲುಗಳಲ್ಲಿ ಮೇಯ್ದುಕೊಂಡು, ರಾತ್ರಿ ಬೇಲಿ ಕಟ್ಟಿದ ರೊಪ್ಪದಲ್ಲಿ ಮಲಗಿಕೊಂಡು ಇರುತ್ತವೆ. ಅವುಗಳನ್ನು ಕಾಯುವವನೇ ಕಿಲಾರಿ. ಹಟ್ಟಿಯ ಉಳಿದವರಿಗೆ ಕೋಳಿ ತಿನ್ನಬಾರದು ಅನ್ನುವುದಷ್ಟೇ ನೇಮ. ಕಿಲಾರಿಗೆ ಇನ್ನೂ ಒಂದು ಉಂಟು: ಕೋಳಿ ಇರುವ ಊರಿನ ಸೀಮೆಯೊಳಗೆ ಅವನು ರಾತ್ರಿ ತಲೆಯಿಟ್ಟು ಮಲಗಬಾರದು. ಹಗಲು ಎಲ್ಲಿ ಬೇಕಾದರೂ ಓಡಾಡಲಿ, ಕತ್ತಲಾದರೆ ಸೀಮೆ ದಾಟಬೇಕು. ತಪ್ಪಿದರೆ ದೇವರ ಗುಡಿಯ ಮುಂದೆ ಕಿಲಾರಿಕೆಯ ಗುರುತಾದ ಕೋಲು ಇಳಿಸಬೇಕು, ಆಮೇಲೆ ಬದುಕಿರುವತನಕ ಆ ಎತ್ತುಗಳ ಮೈ ಮುಟ್ಟುವ ಹಾಗಿಲ್ಲ.

ದೊಡ್ಡಪಾಲಯ್ಯ ಮೀಸೆ ಚಿಗುರುವ ವಯಸ್ಸಿನಲ್ಲಿ ತನ್ನ ದೊಡ್ಡಪ್ಪನಿಂದ ಆ ಕೋಲು ತೆಗೆದುಕೊಂಡವನು. ಮದುವೆಯಾದ ರಾತ್ರಿಯೂ ರೊಪ್ಪದಲ್ಲೇ ಇದ್ದ ಅನ್ನುವುದು ನಿಂಗಕ್ಕನ ಇನ್ನೊಂದು ದೂರು. ಅವನಿಗೆ ಬೇರೆ ಕಸುಬು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಎತ್ತುಗಳ ಹತ್ತಿರ ತೆಲುಗು ಮಾತಾಡುತ್ತಾನೆ, ಮನುಷ್ಯರ ಹತ್ತಿರ ಕನ್ನಡ. ಯಾಕೆ ಅಂತ ಕೇಳಿದರೆ, "ತೆಲುಗು ಮೆತ್ತಗೈತೆ ಡಾಕ್ಟ್ರೇ, ಮನುಷ್ಯರಿಗೆ ಅಷ್ಟು ಮೆತ್ತಗೆ ಬ್ಯಾಡ" ಅನ್ನುತ್ತಾನೆ.

ಆ ಡಾಕ್ಟ್ರು ನಾನೇ, ಮಹಾಂತೇಶ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯಲ್ಲಿ ಹುಟ್ಟಿ, ಎಣ್ಣೆ ವಾಸನೆ ತಾಳಲಾರದೆ ದನದ ಡಾಕ್ಟರಾಗಿ, ಸಗಣಿ ವಾಸನೆಯಲ್ಲಿ ರಿಟೈರ್ ಆದವನು. ನನ್ನ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಮೆತ್ತನೆ ಹಾಸಿಗೆ ಬೇಕು, ಹೊತ್ತಿಗೆ ಸರಿಯಾಗಿ ಕಾಫಿ ಬೇಕು. ಇವೆರಡೂ ಇಲ್ಲದಿದ್ದರೆ ನಾನು ಒಳ್ಳೆಯ ಮನುಷ್ಯನಲ್ಲ. ಮುಂದಿನದೆಲ್ಲ ಇವೆರಡೂ ಇಲ್ಲದೆ ನಡೆದದ್ದು.

ಕ್ಲೇರ್ ಎಂಬ ಫ್ರೆಂಚ್ ಹೆಣ್ಣುಮಗಳು ಎರಡು ವರ್ಷದ ಹಿಂದೆ ನಮ್ಮ ಕಡೆ ಬಂದಿದ್ದಳು. ದನ ಕಾಯುವವರದೊಂದು ಸಂಘ ಅವಳದು. ಉಳ್ಳಾರ್ತಿ ಕಾವಲಿನ ಬದಿಯಲ್ಲಿ ದೊಡ್ಡಪಾಲಯ್ಯನ ಎತ್ತುಗಳನ್ನು ನೋಡಿ ಮರುಳಾಗಿ, ತನ್ನ ಫೋನಿನಲ್ಲಿ ತಮ್ಮ ದೇಶದ ವಿಡಿಯೋ ತೋರಿಸಿದಳು. ಮೇ ತಿಂಗಳ ಕೊನೆಗೆ ಅಲ್ಲಿ ಚಳಿ ಮುಗಿದಾಗ ಹಸುಗಳಿಗೆ ಹೂವು ಮುಡಿಸಿ, ಕೊರಳಿಗೆ ಗಂಟೆ ಕಟ್ಟಿ, ಊರೂರು ದಾಟಿಸಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹತ್ತಿಸುತ್ತಾರೆ. ದೊಡ್ಡಪಾಲಯ್ಯ ಆ ವಿಡಿಯೋವನ್ನು ಎಷ್ಟು ಸಲ ಹಾಕಿಸಿಕೊಂಡು ನೋಡಿದನೆಂದರೆ ಪಾಪ ಅವಳ ಬ್ಯಾಟರಿ ಸತ್ತುಹೋಯಿತು. ಈ ವರ್ಷ ಅವಳ ಸಂಘದಿಂದ ಕರೆ ಬಂತು. ನಮ್ಮ ಜತೆ ನಡೆಯಲು ಬನ್ನಿ, ದಾರಿಯ ಸಣ್ಣ ಸಣ್ಣ ಊರುಗಳನ್ನು ನೋಡಿಕೊಂಡು ಬೆಟ್ಟ ಹತ್ತೋಣ, ಇಂಗ್ಲಿಷ್ ಬರುವ ಡಾಕ್ಟರನ್ನೂ ಕರೆದುಕೊಂಡು ಬನ್ನಿ ಅಂತ.

ಹಟ್ಟಿಯ ಹಿರಿಯ ಚಿನ್ನಯ್ಯ ಕಟ್ಟೆಮನೆ, ಅಂದರೆ ಹಟ್ಟಿಯ ಪಂಚಾಯ್ತಿ, ಕೂಡಿಸಿದ. ಅವನಿಗೆ ಎಂಬತ್ತರ ಮೇಲಾಗಿದೆ, ಮಾತು ಕಡಿಮೆ.

"ಹೋಗಿ ಬಾ" ಅಂದ. "ಎತ್ತುಗಳ್ನ ನಮ್ಮ ಉಗ್ರಪ್ಪ ನೋಡ್ಕೊಂತಾನೆ. ಕೋಲು ಗುಡಿಯಾಗೆ ಇರ್ಲಿ. ಆದ್ರೆ ನೇಮ ಸಮುದ್ರ ದಾಟಿದ್ರೂ ನೇಮಾನೇ. ಕೆಟ್ರೆ ಬಂದು ಆ ಕೋಲು ಮುಟ್ಟಬ್ಯಾಡ."

"ಕೆಡಾಕಿಲ್ಲ" ಅಂದ ದೊಡ್ಡಪಾಲಯ್ಯ. ವಿಮಾನವನ್ನೇ ನೋಡದವನ ಧೈರ್ಯ ನೋಡಿ!

ನಾವು ಮೊದಲು ಇಳಿದ ಊರು ವಿಯೆಲ್‌ಫಾಂ. ನಮ್ಮ ಬಿ.ಜಿ. ಕೆರೆಯ ಒಂದು ಕೇರಿಯಷ್ಟು ಇದ್ದೀತು. ಕಲ್ಲಿನ ಗೋಡೆ, ಕಲ್ಲಿನದೇ ಮಾಡು, ನಡುವೆ ಒಂದು ತೊಟ್ಟಿಗೆ ನೀರು ಸುರಿಯುತ್ತಲೇ ಇದೆ. ಅದನ್ನು ನಿಲ್ಲಿಸುವವರೇ ಇಲ್ಲವಲ್ಲ ಅಂತ ನಮ್ಮಿಬ್ಬರಿಗೂ ಹೊಟ್ಟೆ ಉರಿಯಿತು. ಕಿಟಕಿಗಳಿಗೆಲ್ಲ ಹೂವಿನ ಕುಂಡ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿವೆ. "ಯಾರಾನ ತೀರ್ಕೊಂಡಾರಾ?" ಅಂದ ದೊಡ್ಡಪಾಲಯ್ಯ. ಊಟದ ಹೊತ್ತು, ಹನ್ನೆರಡರಿಂದ ಎರಡರವರೆಗೆ ಇಡೀ ಊರು ಹೀಗೇ ಅಂದಳು ಕ್ಲೇರ್. ಅವನಿಗೆ ಬಹಳ ಖುಷಿಯಾಯಿತು. "ಉಣ್ಣೋ ಹೊತ್ತಿಗೆ ಯಾಪಾರ ಮಾಡದೋರು ಮರ್ವಾದಸ್ತ್ರು" ಅಂದ.

ಆಮೇಲೆ ತಲೆ ಎತ್ತಿ ಅವರ ಇಗರ್ಜಿಯ ಗೋಪುರ ನೋಡಿದ. ನೋಡಿದವನು ಅಲ್ಲೇ ಕಲ್ಲಾಗಿ ನಿಂತ.

"ಡಾಕ್ಟ್ರೇ, ಗುಡಿ ತುದೀಗೆ ಕೋಳಿ!"

ನಿಜ. ಶಿಲುಬೆಗೂ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ತಗಡಿನ ಹುಂಜವೊಂದು ಎದೆ ಉಬ್ಬಿಸಿಕೊಂಡು ನಿಂತಿತ್ತು. ದೊಡ್ಡಪಾಲಯ್ಯ ಚಪ್ಪಲಿ ಕಳಚಿದ, ಎರಡೂ ಕೈ ಎತ್ತಿ ಅದಕ್ಕೆ ನಮಸ್ಕಾರ ಹಾಕಿದ. "ಯಾವೂರ ದೇವ್ರಾದ್ರೇನು, ಕೈ ಮುಗೀತೀನಿ. ಆದ್ರೆ ಇಲ್ಲಿ ಮಲಗಾಕಿಲ್ಲ. ಊರಿಗೂರೇ ಕೋಳಿ ದೇವ್ರ ಒಕ್ಕಲು" ಅಂದ.

ಅದು ದೇವರಲ್ಲ, ಗಾಳಿಯ ದಿಕ್ಕು ತೋರಿಸುವುದಕ್ಕೆ, ಮುಂಜಾನೆ ಎಲ್ಲರನ್ನೂ ಎಬ್ಬಿಸುವುದು ಹುಂಜವಲ್ಲವೇ ಅದರ ಗುರುತಿಗೆ ಅಂತ ಕ್ಲೇರ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ದೊಡ್ಡಪಾಲಯ್ಯ ಯೋಚಿಸಿದ. "ಗಾಳಿ ಬಂದ ಕಡೆ ತಿರುಗಿ ಕೂಗೋದಕ್ಕೆ ಗುಡಿ ಮ್ಯಾಲೆ ಕೂರಿಸ್ತಾರಾ? ಹಂಗಾದ್ರೆ ನಮ್ಮ ಪಂಚಾಯ್ತಿ ಮೆಂಬ್ರು ಒಬ್ಬನವ್ನೆ, ಕೊಟ್ಟು ಕಳಿಸಾನ." ಇದನ್ನು ನಾನು ತರ್ಜುಮೆ ಮಾಡಲಿಲ್ಲ. ತಗಡಿನ ಕೋಳಿಯ ವಿಷಯದಲ್ಲಿ ಅವನು ಸಮಾಧಾನ ಆಗುತ್ತಿದ್ದನೋ ಏನೋ, ಅಷ್ಟರಲ್ಲಿ ಯಾರದೋ ಹಿತ್ತಿಲಿನಿಂದ ಜೀವಂತ ಹುಂಜ ಗಂಟಲು ಹರಿದುಕೊಂಡು ಕೂಗಿತು. ಅಲ್ಲಿಗೆ ಮಾತು ಮುಗಿಯಿತು.

ಆ ಊರಿನ ಮೇಯರ್ ಅಂದರೆ ನಮ್ಮ ಪಂಚಾಯ್ತಿ ಅಧ್ಯಕ್ಷ ಇದ್ದ ಹಾಗೆ. ಅವರ ಮನೆಯಲ್ಲಿ ನಮಗೆ ಹಾಸಿಗೆ ಹಾಸಿಟ್ಟಿದ್ದರು. ನಾನು ಹೋಗಿ ಆ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದ್ದೆ. ಬೆಣ್ಣೆ! ಅದನ್ನು ಬಿಟ್ಟು ನಾವು ಸಂಜೆ ಊರಿನ ಆಚೆ ಅಂಚು ಹುಡುಕಿಕೊಂಡು ಹೊರಟೆವು. ಕೋಳಿ ಕೇಳಿ ಮಸಾಲೆ ಅರೀತಾರೇನು ಅಂತ ಗಾದೆ ಇದೆ, ನನ್ನನ್ನೂ ಯಾರೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಅವನ ಮುಂದೆ ಆ ಗಾದೆ ಹೇಳುವ ಧೈರ್ಯವೂ ನನಗಿರಲಿಲ್ಲ.

ರಸ್ತೆ ಬದಿಯಲ್ಲಿ ಒಂದು ಬಿಳಿ ಫಲಕ ಕಂಡಿತು. ಊರಿಗೆ ಬರುವಾಗ ಇದೇ ಥರದ ಫಲಕದ ಮೇಲೆ ವಿಯೆಲ್‌ಫಾಂ ಅಂತ ಬರೆದದ್ದನ್ನು ನಾನು ಅವನಿಗೆ ಓದಿ ಹೇಳಿದ್ದೆ. ಇಲ್ಲೂ ಅದೇ ಹೆಸರು, ಆದರೆ ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು. ದೊಡ್ಡಪಾಲಯ್ಯ ಗಾಬರಿಯಾದ.

"ಊರಿನ ಹೆಸ್ರಿಗೇ ಕಾಟು ಹೊಡ್ದವ್ರಲ್ಲ, ಬಹಿಷ್ಕಾರ ಹಾಕವ್ರಾ?"

ಕ್ಲೇರ್ ನಕ್ಕು ಹೇಳಿದಳು. ಊರು ಇಲ್ಲಿಗೆ ಮುಗಿಯಿತು ಅಂತ ಅದರ ಅರ್ಥ, ದೇಶದ ತುಂಬ ಊರೂರಿಗೂ ಹೀಗೇ ಇರುತ್ತದೆ. ಆ ಮಾತು ಕೇಳಿ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ನಮ್ಮ ಕಡೆ ಸೀಮೆಕಲ್ಲು ಎಲ್ಲೈತೆ ಅಂತ ಎರಡೂರೋರು ತಲೆ ಒಡ್ಕೊಂತಾರೆ. ಇವ್ರು ಬೋರ್ಡ್ ಹಾಕಿ ಗೀಟೇ ಹೊಡ್ದವ್ರೆ! ಕಿಲಾರಿಗೆ ಅಂತಾನೇ ಮಾಡಿದಂಗೈತೆ." ಫಲಕ ದಾಟಿ ಹೆಜ್ಜೆ ಹಾಕಿ, ಬೇಲಿ ಬದಿಯ ಹುಲ್ಲಿನಲ್ಲಿ ಕಂಬಳಿ ಹಾಸಿದ. ಕ್ಲೇರ್ ತನ್ನ ವ್ಯಾನು ತಂದು ನಿಲ್ಲಿಸಿ ಹಿಂದೆ ಮಲಗಿದಳು, ನಾನು ಮುಂದಿನ ಸೀಟಿನಲ್ಲಿ ಗಾಣಕ್ಕೆ ಸಿಕ್ಕ ಕಬ್ಬಿನ ಹಾಗೆ ಮುದುರಿಕೊಂಡೆ.

ಅಲ್ಲಿ ಆ ತಿಂಗಳಲ್ಲಿ ರಾತ್ರಿ ಊಟದ ಹೊತ್ತಿಗೂ ಬಿಸಿಲಿರುತ್ತದೆ. ಬಿಸಿಲಿರುವಾಗಲೇ ಮೇಯರ್ ಬಂದ. ಅವನ ಮುಖ ಕೆಂಪಗಾಗಿತ್ತು. ತನ್ನ ಹೆಂಡತಿ ಹೊದಿಕೆಗಳನ್ನು ಇಸ್ತ್ರಿ ಮಾಡಿಟ್ಟಿದ್ದಾಳೆ, ಅತಿಥಿಗಳು ಚರಂಡಿ ಪಕ್ಕ ಮಲಗಿದರೆ ಊರಿನ ಮಾನ ಏನಾಗಬೇಕು ಅಂತ ಅವನ ಸಿಟ್ಟು. ಕ್ಲೇರ್ ಕಾರಣ ಹೇಳಿದಳು. ಅವನು ಗಲ್ಲ ಕೆರೆದುಕೊಳ್ಳುತ್ತ ದೊಡ್ಡಪಾಲಯ್ಯನನ್ನೇ ನೋಡಿದ. ತಿರುಗಿ ಹೋದ. ಮುಗಿಯಿತು, ಜಗಳವಾಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು, ಆ ಇಸ್ತ್ರಿ ಮಾಡಿದ ಹೊದಿಕೆಯನ್ನೂ ಒಂದು ದೊಡ್ಡ ಪಾತ್ರೆ ತರಕಾರಿ ಸಾರನ್ನೂ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದ! ಅವನ ಹಿಂದೆ ಊರಿನ ಹತ್ತಾರು ಜನ ಕುರ್ಚಿ ಹಿಡಿದುಕೊಂಡು ಬಂದರು. ಗೀಟು ಹೊಡೆದ ಫಲಕದ ಆಚೆ, ರಸ್ತೆ ಬದಿಯಲ್ಲಿ ಎಲ್ಲರೂ ಕೂತು ಉಂಡೆವು. ನನ್ನ ಹೆಂಡತಿ ಸುಲೋಚನ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ಮೇಯರನ ಹೆಂಡತಿ ಸಾರಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಇನ್ನೊಂದು ಚಮಚ ಕೇಳಿದಳು.

ಹಾಗೆ ಶುರುವಾದದ್ದು ಹಾಗೇ ಮುಂದುವರಿಯಿತು. ಸುದ್ದಿ ನಮಗಿಂತ ಮುಂದೆ ಓಡುತ್ತಿತ್ತು. ರೊಷ್‌ಬೆಲ್ ಎಂಬ ಊರಿಗೆ ಹೋದರೆ ಅವರು ಫಲಕದ ಆಚೆ ಒಂದು ಹಳೆಯ ಹುಲ್ಲಿನ ಶೆಡ್ಡು ಗುಡಿಸಿ ಇಟ್ಟಿದ್ದರು. ಬಾಗಿಲಿಗೆ ಹೂವು ಬೇರೆ. ಇನ್ನೊಂದೂರಲ್ಲಿ ಶಾಲೆಯ ಮಕ್ಕಳು ಸಾಲಾಗಿ ನಿಂತು ಕೋಳಿಯ ಹಾಗೆ ಕೂಗಿ ಅವನನ್ನು ರೇಗಿಸಿದವು. ಅವನು ಎತ್ತಿನ ಹಾಗೆ ಗುಟುರು ಹಾಕಿ ಅವುಗಳನ್ನು ಚೌಕದ ಸುತ್ತ ಅಟ್ಟಿಸಿಕೊಂಡು ಹೋದ. ಮೇಷ್ಟರು ಮಕ್ಕಳನ್ನು ಒಳಗೆ ಕರೆಯುವ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದವನು ಅವನೇ.

ನಾನು ಹೋದ ಕಡೆಯೆಲ್ಲ ಕಾಫಿ ಹುಡುಕಿದೆ. ಕೊಟ್ಟರು, ಹೆಬ್ಬೆಟ್ಟಿನ ಗಾತ್ರದ ಲೋಟದಲ್ಲಿ, ಕಷಾಯದಂಥದ್ದು, ಹಾಲು ಕೇಳಿದರೆ ಕಾಯಿಲೆ ಮನುಷ್ಯನನ್ನು ನೋಡಿದ ಹಾಗೆ ನೋಡಿದರು. ಅವರ ರೊಟ್ಟಿಯೋ, ನಿಲ್ಲಿಸಿದರೆ ಊರುಗೋಲು, ಮಲಗಿಸಿದರೆ ಊಟ. ದೊಡ್ಡಪಾಲಯ್ಯ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಮುರಿದು ತಿನ್ನುತ್ತ, ಕಂಡವರಿಗೆಲ್ಲ "ಬೊಂಜೂರಪ್ಪಾ, ಬೊಂಜೂರವ್ವಾ" ಅನ್ನುತ್ತ ನಡೆಯುತ್ತಿದ್ದ. ಊರು ಯಾವುದೇ ಇರಲಿ, ಮುದುಕರು ಕೂತಿರುವ ಬೆಂಚು ಅವನ ಕಣ್ಣಿಗೆ ಮೊದಲು ಬೀಳುತ್ತಿತ್ತು. ಹೋಗಿ ಪಕ್ಕದಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ. ಅವರು ಫ್ರೆಂಚಿನಲ್ಲಿ ಏನೋ ಹೇಳುತ್ತಿದ್ದರು, ಇವನು ಕನ್ನಡದಲ್ಲಿ "ಹೂಂ ಮತ್ತೆ" ಅನ್ನುತ್ತಿದ್ದ. ಒಬ್ಬ ತಾತ ಎಲೆಯಡಿಕೆ ಅಗಿದು, ಬಾಯಿ ಕೆಂಪಾದದ್ದನ್ನು ಕಾರಿನ ಕನ್ನಡಿಯಲ್ಲಿ ನೋಡಿ ರಕ್ತ ಅಂತ ಹೆದರಿ, ಆಮೇಲೆ ಗೊತ್ತಾಗಿ, ಆ ಬಾಯಿ ತೋರಿಸಿಕೊಂಡು ಮನೆಮನೆಗೆ ಹೋಗಿ ಬಂದ. ನಾನು ಇಂಗ್ಲಿಷ್ ಕಲಿತು ಒಂದು ಹಾಸಿಗೆ ಸಂಪಾದಿಸಲಾಗಲಿಲ್ಲ, ಅವನು ಒಂದು ಅಡಿಕೆ ಹೋಳಿನಲ್ಲಿ ಊರನ್ನೇ ಸಂಪಾದಿಸಿದ್ದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಬೆಟ್ಟ ಹತ್ತುವ ಹಿಂದಿನ ದಿನ ಸೊಲಾಂಜ್ ಎಂಬಾಕೆಯ ದನದ ಮನೆಗೆ ಬಂದೆವು. ಯಾವ ಊರಿಗೂ ಸೇರದೆ ಬಯಲಿನ ಎತ್ತರದಲ್ಲಿ ಒಂಟಿಯಾಗಿ ನಿಂತ ಕಲ್ಲುಮನೆ, ಅದಕ್ಕೆ ಅಂಟಿಕೊಂಡ ಉದ್ದನೆಯ ಕೊಟ್ಟಿಗೆ. ಸೊಲಾಂಜ್‌ಗೆ ಎಪ್ಪತ್ತರ ಮೇಲೆ. ಹಗ್ಗದ ಹಾಗೆ ತೆಳ್ಳಗೆ, ಹಗ್ಗದಷ್ಟೇ ಗಟ್ಟಿ. ಬೇಸಿಗೆ ಪೂರ್ತಿ ಬೆಟ್ಟದ ಮೇಲೆ ಹಸುಗಳ ಜತೆಗೇ ಇದ್ದು ಹಾಲಿನಿಂದ ಚೀಸ್ ಮಾಡುವ ಹೆಂಗಸು. ಮರುದಿನ ಅವಳ ಹಿಂಡಿನ ಮುಂದೆ ದೊಡ್ಡಪಾಲಯ್ಯ ನಡೆಯುವುದು ಅಂತ ಗೊತ್ತಾಗಿತ್ತು. ಕ್ಲೇರ್ ನಮ್ಮನ್ನು ಬಿಟ್ಟು, ಬೇರೆ ಅತಿಥಿಗಳನ್ನು ಕರೆತರಲು ವ್ಯಾನು ತೆಗೆದುಕೊಂಡು ಹೋದಳು. ಸೊಲಾಂಜ್‌ಗೆ ಚೂರುಪಾರು ಇಂಗ್ಲಿಷ್ ಬರುತ್ತಿತ್ತು.

ಅವಳು ನಮ್ಮನ್ನು ಮನೆಯೊಳಗೂ ಕರೆಯದೆ ಮೊದಲು ಹಿತ್ತಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ಕೋಳಿಗೂಡು. ಬಾಗಿಲು ತೆರೆದಿತ್ತು, ಒಳಗೆ ಏನೂ ಇಲ್ಲ. ಇವನು ಬರುತ್ತಾನೆ ಅಂತ ಬೆಳಗಿನಿಂದ ಒಂದೊಂದೇ ಕೋಳಿ ಹಿಡಿದು, ಪೆಟ್ಟಿಗೆಗೆ ತುಂಬಿ, ಬೆಟ್ಟದ ಕೆಳಗಿರುವ ತಂಗಿಯ ಮನೆಗೆ ಸಾಗಿಸಿದ್ದಳು! ಕೈಯೆಲ್ಲ ಕೋಳಿ ಪರಚಿದ ಗೀರು. "ನನ್ನ ಮನೆಯಲ್ಲಿ ಇವತ್ತು ಕೋಳಿ ಇಲ್ಲ. ನಿನ್ನ ಗೆಳೆಯನಿಗೆ ಹೇಳು, ಅವನು ನನ್ನ ಹಸುಗಳ ಪಕ್ಕ ಮಲಗಬಹುದು" ಅಂದಳು.

ದೊಡ್ಡಪಾಲಯ್ಯ ಆ ಗೀರುಗಳನ್ನು ನೋಡಿದ. ಅವಳ ಕೈಗಳನ್ನು ಕಣ್ಣಿಗೊತ್ತಿಕೊಂಡ. ಇಷ್ಟು ದಿನ ರಸ್ತೆ ಬದಿಯಲ್ಲಿ ಬಿದ್ದಿದ್ದವನಿಗೆ ಕೊಟ್ಟಿಗೆಯ ಬೆಚ್ಚಗಿನ ವಾಸನೆ ಬಡಿದು ಎದೆ ತುಂಬಿ ಬಂದಿರಬೇಕು. ಕಂದುಬಣ್ಣದ, ಕಾಡಿಗೆ ಹಚ್ಚಿದಂಥ ಕಣ್ಣಿನ ಹಸುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಕೊರಳ ಕೆಳಗಿನ ಗಂಗೆದೊಗಲು ನೀವುತ್ತ, ತೆಲುಗಿನಲ್ಲಿ ಯೋಗಕ್ಷೇಮ ಕೇಳುತ್ತ ಹೋದ. ಹೊರಗೆ ಗಾಳಿ ಎದ್ದಿತ್ತು, ಮಳೆ ಶುರುವಾಗಿ ಅದರ ಜತೆ ಆಲಿಕಲ್ಲು ಬೀಳತೊಡಗಿತ್ತು. ನನಗೆ ಮನೆಯೊಳಗೆ ಮಂಚ ಸಿಕ್ಕಿತ್ತು. ನನ್ನಂಥ ಸುಖಿ ಇಲ್ಲ ಅಂದುಕೊಂಡೆ.

ಅವನು ಕಂಬಳಿ ಹಾಸಲು ಮೂಲೆಯ ಹುಲ್ಲು ಸರಿಸಿದ. ಹುಲ್ಲಿನೊಳಗಿಂದ ಯಾರೋ ಬೈದರು.

ಕೋಳಿ. ಒಂದು ಕಪ್ಪು ಹೇಂಟೆ, ಮೈ ಉಬ್ಬಿಸಿಕೊಂಡು, ಕಾವಿಗೆ ಕೂತಿತ್ತು. ಅದರ ರೆಕ್ಕೆ ಕೆಳಗೆ ಮೊಟ್ಟೆಗಳು. ಸೊಲಾಂಜ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆ ಕೋಳಿ ಕೆಲವು ವಾರಗಳಿಂದ ಕಾಣುತ್ತಿರಲಿಲ್ಲವಂತೆ, ನರಿ ಹೊತ್ತುಕೊಂಡು ಹೋಯಿತು ಅಂತ ಅವಳು ಆಸೆ ಬಿಟ್ಟಿದ್ದಳು. ನಾಚಿಕೆಯಿಂದ ಅವಳ ಮುಖ ಬಾಡಿತು. ಪೆಟ್ಟಿಗೆ ತಂದಳು. "ಮೊಟ್ಟೆ ಹೋದರೆ ಹೋಗಲಿ, ಇದನ್ನೂ ತಂಗಿ ಮನೆಗೆ ಬಿಟ್ಟು ಬರುತ್ತೇನೆ" ಅಂತ ಬಗ್ಗಿದಳು.

ದೊಡ್ಡಪಾಲಯ್ಯ ಅವಳ ಕೈ ಹಿಡಿದ. "ಬ್ಯಾಡ ಅಕ್ಕಾ."

ನಾನು ಅವನನ್ನು ಪಕ್ಕಕ್ಕೆ ಎಳೆದೆ. "ಲೇ, ಅವಳಾಗಿ ಎತ್ತುತ್ತಿದ್ದಾಳೆ, ಎತ್ತಲಿ ಬಿಡು. ಆಚೆ ಈ ಆಲಿಕಲ್ಲಲ್ಲಿ ಮಲಗಿದರೆ ಬೆಳಿಗ್ಗೆ ನಿನ್ನ ಹೆಣ ಎತ್ತಬೇಕಾಗುತ್ತೆ. ಇಲ್ಲಿ ಕೋಳಿ ಜತೆ ಮಲಗಿದರೆ ನಿನ್ನ ಕೋಲು ಹೋಯ್ತು. ನಾಲ್ಕು ಮೊಟ್ಟೆಗೋಸ್ಕರ ಇಡೀ ಜೀವಮಾನದ ಕಿಲಾರಿಕೆ ಕಳ್ಕೊಂತೀಯಾ?"

ಅವನು ಕೋಳಿಯನ್ನೇ ನೋಡುತ್ತ ನಿಂತ. ಅದೂ ಅವನನ್ನು ನೋಡಿತು, ಕೊಕ್ಕು ತೆರೆದು, ಜಾಗ ಬಿಡುವುದಿಲ್ಲ ಅನ್ನುವ ಹಾಗೆ. ಹುಟ್ಟಿದಾಗಿನಿಂದ ಕೋಳಿಯನ್ನು ಇಷ್ಟು ಹತ್ತಿರದಿಂದ ಅವನು ನೋಡಿದ್ದು ಅದೇ ಮೊದಲು ಅಂತ ಆಮೇಲೆ ಹೇಳಿದ.

"ಕಾವಿಗೆ ಕುಂತಿರೋ ತಾಯಿ ಡಾಕ್ಟ್ರೇ" ಅಂದ. "ಈ ಚಳಿಯಾಗೆ ಅದನ್ನ ಎಬ್ಬಿಸಿ, ಅದ್ರ ಜಾಗದಾಗೆ ನಾನು ಬೆಚ್ಚಗೆ ಮಲಗಿ, ನಾಳೆ ಯಾವ ಮುಖ ಇಟ್ಕೊಂಡು ದನದ ಮುಂದೆ ನಡೀಲಿ?"

ಸರಿಸಿದ ಹುಲ್ಲನ್ನು ಮೊದಲಿದ್ದ ಹಾಗೆ ಅದರ ಸುತ್ತ ಮುಚ್ಚಿದ. ಕೊಟ್ಟಿಗೆಯ ಇನ್ನೊಂದು ತುದಿಗೆ ಹೋಗಿ ಕಂಬಳಿ ಹಾಸಿ ಮಲಗಿಬಿಟ್ಟ. ನನಗೆ ಒಳಗೆ ಮಂಚ ಇತ್ತು ಅಂದೆನಲ್ಲ, ಅದರ ಮೇಲೆ ಹೊರಳಾಡಿದ್ದೇ ಬಂತು.

ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿತ್ತು. ಹಸುಗಳ ಕೊಂಬಿಗೆ ಹೂವು, ಬಣ್ಣದ ಕಾಗದದ ಕುಚ್ಚು, ಕೊರಳಿಗೆ ಕೊಡದಷ್ಟು ದೊಡ್ಡ ಗಂಟೆ. ಊರೂರಿನ ಜನ ರಸ್ತೆಯ ಎರಡೂ ಬದಿಗೆ ನಿಂತಿದ್ದರು. ವಿಯೆಲ್‌ಫಾಂ ಮೇಯರೂ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ದೊಡ್ಡಪಾಲಯ್ಯ ಹೆಗಲಿಗೆ ಕಂಬಳಿ ಹಾಕಿ, ಸೊಲಾಂಜ್ ಪಕ್ಕ ಮುಂದೆ ನಿಂತು, ಬಾ ತಾಯೀ ಅನ್ನುವುದನ್ನು ತನ್ನ ತೆಲುಗಿನಲ್ಲಿ "ದಾ, ದಾ ತಲ್ಲೀ" ಅಂತ ಕರೆದ. ಹಿಂಡು ಕದಲಿತು. ಅವನ ಕರೆಗೆ ಹೊರಟವೋ ಸೊಲಾಂಜ್ ಜೇಬಿನ ಉಪ್ಪಿಗೆ ಹೊರಟವೋ ನನಗೆ ಗೊತ್ತಿಲ್ಲ, ಹೊರಟದ್ದಂತೂ ನಿಜ. ಅಷ್ಟೂ ಗಂಟೆಗಳು ಒಟ್ಟಿಗೆ ಮೊಳಗಿದಾಗ ನೆಲವೇ ನಡುಗಿತು. ಅವನು ನಗುತ್ತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು. ಕಿಲಾರಿಯಾಗಿ ದನದ ಮುಂದೆ ನಡೆಯುವುದು ಇದೇ ಕೊನೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನೂ ಅತ್ತೆ.

ವಿಮಾನದಲ್ಲಿ ಅವನಿಗೆ ಮೆತ್ತಗೆ ಹೇಳಿ ನೋಡಿದೆ. "ನಮ್ಮ ಕಡೆಯವನು ಅಂತ ಅಲ್ಲಿದ್ದದ್ದು ನಾನೊಬ್ಬ. ನಾನು ಬಾಯಿ ಬಿಡಲ್ಲ."

"ನೀವು ಬಿಡಬ್ಯಾಡ್ರಿ" ಅಂದ. "ನಾನು ಬಿಡ್ತೀನಿ."

ಹಟ್ಟಿಗೆ ಬಂದ ದಿನವೇ ಗುಡಿಯ ಮುಂದೆ ಕಟ್ಟೆಮನೆ ಕೂಡಿತು. ಕೋಲು ಗುಡಿಯ ಮೆಟ್ಟಿಲ ಮೇಲೆ ಇತ್ತು. ದೊಡ್ಡಪಾಲಯ್ಯ ಅದರಿಂದ ದೂರ ನಿಂತು, ತಗಡಿನ ಕೋಳಿಯಿಂದ ಹಿಡಿದು ಕಪ್ಪು ಕೋಳಿಯತನಕ ಒಂದನ್ನೂ ಬಿಡದೆ ಹೇಳಿದ. ನಿಂಗಕ್ಕ ಸೆರಗು ಬಾಯಿಗೊತ್ತಿಕೊಂಡಳು.

ಚಿನ್ನಯ್ಯ ಮೆಟ್ಟಿಲ ಮೇಲಿನ ಕೋಲಿನ ಕಡೆ ಕೈ ತೋರಿಸಿದ. "ನೇಮ ನೇಮಾನೇ" ಅಂದ. "ಕೋಲು ಇನ್ನೊಬ್ರು ಎತ್ತಬೇಕಾಗ್ತೈತೆ. ಕೋಳಿ ಇರೋ ಸೀಮೆಯಾಗೆ ಒಂದು ರಾತ್ರೀನೂ ಮಲಗದೋರು ಯಾರವ್ರೆ, ಮುಂದಕ್ಕೆ ಬರ್ರಿ."

ಎಲ್ಲರೂ ಉಗ್ರಪ್ಪನ ಕಡೆ ನೋಡಿದರು. ಉಗ್ರಪ್ಪ ತನ್ನ ಕಾಲ ಹೆಬ್ಬೆರಳು ನೋಡಿದ. "ನಾನು ಹೋದ್ ವರ್ಷ ದುರ್ಗದಾಗೆ ಸಿನಿಮಾಕ್ಕೆ ಹೋಗಿ, ಬಸ್ಸು ತಪ್ಪಿ, ಲಾಡ್ಜ್‌ನಾಗೆ..."

"ಅಂಜಿನೇಯ?"

"ನಾನು ಲಾರಿ ಓಡಿಸೋನು ತಾತಾ. ಯಾವ ಸೀಮೆ ಅಂತ ಹೇಳ್ಲಿ?"

ದೊಡ್ಡೀರಪ್ಪನ ಮಗಳನ್ನು ಬಳ್ಳಾರಿಗೆ ಕೊಟ್ಟಿತ್ತು, ಅವಳ ಮನೆ ಹಿಂದೆಯೇ ಕೋಳಿಫಾರಂ. ಒಬ್ಬೊಬ್ಬರೂ ಒಂದೊಂದು ಹೇಳುತ್ತ ಹಿಂದೆ ಸರಿದರು. ಸರಿಯದವರಿಗೆ ನಿಂಗಕ್ಕ ಹೆಸರು ಕೂಗಿ ಕೂಗಿ ನೆನಪಿಸಿದಳು. "ಏಯ್, ನೀನು ಚಳ್ಳಕೆರೆ ಬಸ್‌ಸ್ಟ್ಯಾಂಡಾಗೆ ಎಗ್ ಪಫ್ಸ್ ತಿಂತಿದ್ದು ನಾನೇ ನೋಡಿಲ್ವಾ?" ಜನ ನಗೆ ತಡೆಯಲಾರದೆ ಹೆಗಲಿಗೆ ಮುಖ ಒರೆಸಿಕೊಂಡರು. ಕೊನೆಗೆ ಯಾರೋ ಹಿಂದಿನಿಂದ, "ಚಿನ್ನಯ್ಯ ತಾತಾನೇ ಎತ್ತಲಿ" ಅಂದರು.

"ನನ್ನನ್ನ ದಾವಣಗೆರೆ ಆಸ್ಪತ್ರೆಯಾಗೆ ಮಲಗಿಸಿದ್ರು" ಅಂದ ಚಿನ್ನಯ್ಯ. "ನಾನಾಗೇ ಮಲಗ್ಲಿಲ್ಲ." ಆಗ ಮಾತ್ರ ಕಟ್ಟೆಮನೆ ಬಿದ್ದು ಬಿದ್ದು ನಕ್ಕಿತು.

ನಗು ನಿಂತ ಮೇಲೆ ಚಿನ್ನಯ್ಯ ದೊಡ್ಡಪಾಲಯ್ಯನ ಕಡೆ ತಿರುಗಿದ. "ಆ ಕೋಳಿ ಮರಿ ಮಾಡ್ತಾ?"

ದೊಡ್ಡಪಾಲಯ್ಯನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬೆಳಿಗ್ಗೆ ತಾನೇ ಕ್ಲೇರ್ ಫೋಟೋ ಕಳಿಸಿದ್ದಳು. ಫೋನು ಚಿನ್ನಯ್ಯನ ಕೈಗೆ ಕೊಟ್ಟೆ. ಹುಲ್ಲಿನ ನಡುವೆ ಕಪ್ಪು ಕೋಳಿ, ಅದರ ರೆಕ್ಕೆ ಸಂದಿಯಿಂದ ಇಣುಕುವ ಹಳದಿ ಮರಿಗಳು. ಹಟ್ಟಿಯೊಳಗೆ ಒಂದು ಪುಕ್ಕ ಬಿಟ್ಟುಕೊಳ್ಳದ ಜನ, ಫೋನನ್ನು ಕೈಯಿಂದ ಕೈಗೆ ದಾಟಿಸುತ್ತ ಆ ಮರಿಗಳನ್ನು ನೋಡಿದರು. ಯಾರೂ ಮುಖ ತಿರುಗಿಸಲಿಲ್ಲ.

"ಕುಂತ ತಾಯೀನ ಎಬ್ಬಿಸಿ, ನೇಮ ಉಳಿಸ್ಕೊಂಡು ಬಂದಿದ್ದೀನಿ ಅಂತ ನನ್ನ ಮುಂದೆ ನಿಂತಿದ್ರೆ, ಆ ಕೋಲು ನಾನೇ ಕಿತ್ಕೊಂತಿದ್ದೆ" ಅಂದ ಚಿನ್ನಯ್ಯ. "ಮೈ ತೊಳ್ಕೊಂಡು ಬಾ. ಎತ್ಕೋ. ಎತ್ತು ಕಾಯ್ತಾ ಅವೆ."

ದೊಡ್ಡಪಾಲಯ್ಯ ಕದಲಲಿಲ್ಲ. ನಿಂತಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು, ಎಲ್ಲರ ಮುಂದೆ ಮಗುವಿನ ಹಾಗೆ ಅಳತೊಡಗಿದ. ನಿಂಗಕ್ಕ ಹೋಗಿ ಅವನ ರಟ್ಟೆ ಹಿಡಿದು, ಅವನು ಎತ್ತುಗಳ ಹತ್ತಿರ ಆಡುವ ತೆಲುಗಿನಲ್ಲೇ ಶುರು ಮಾಡಿದಳು.

"ಲೇವಯ್ಯಾ, ಏಳು. ಹೊತ್ತು ಮುಳುಗ್ತೈತೆ" ಅಂದಳು. "ಊಟ ರೊಪ್ಪಕ್ಕೇ ತರ್ತೀನಿ."

ಅವನು ಎದ್ದು ನೀರು ಹುಯ್ದುಕೊಳ್ಳಲು ಹೋದ.